ಶಾಂತತ್ತೆಯ ಮದುವೆ ಸೀರೆ

ಹೊಸ ರೇಷ್ಮೆಯ ವಾಸನೆ ಬಂದರೆ ಇಂದಿಗೂ ಚಾಮರಾಜಪೇಟೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಪುಟ್ಟ ತಮ್ಮ ಜ್ವರದಲ್ಲಿ ತೀರಿಕೊಂಡಿದ್ದ. ಬಡಗಿ ತಂದಿಟ್ಟ ಪೆಟ್ಟಿಗೆಯ ಒಳಗೆಲ್ಲ ಮರದ ಸಿಬಿರು ಎದ್ದಿತ್ತು. ಅಪ್ಪನ ತಂಗಿ ಶಾಂತತ್ತೆ ತನ್ನ ಮದುವೆಗೆಂದು ಎತ್ತಿಟ್ಟಿದ್ದ ಬಿಳಿ ರೇಷ್ಮೆ ಸೀರೆ ತಂದು ಕತ್ತರಿ ಹಾಕಿದಳು.

"ಬೇಡ ಕಣೆ, ಬರೋ ತಿಂಗಳು ಏನುಟ್ಕೊಂಡು ಚರ್ಚಿಗೆ ಹೋಗ್ತೀಯ?" ಎಂದಳು ಅಮ್ಮ.

"ಇರೋದ್ರಲ್ಲೇ ಒಂದು ಉಟ್ಕೋತೀನಿ ಅತ್ತಿಗೆ. ಮಗೂಗೆ ಚುಚ್ಚಬಾರದು."

ಆ ರೇಷ್ಮೆಯ ಮೇಲೆ ಅಮ್ಮ ತಮ್ಮನನ್ನು ಮಲಗಿಸಿದಳು. ಅಪ್ಪ ಮೊಣಕಾಲೂರಿ ಪ್ರಾರ್ಥನೆಗೆ ತೊಡಗಿದರು. "ಕರ್ತನೇ, ನಿನ್ನ ಚಿತ್ತ..." ಎಂದವರಿಗೆ ಮುಂದಿನ ಮಾತು ಹೊರಡಲಿಲ್ಲ. ನಾವೆಲ್ಲ ತಲೆ ತಗ್ಗಿಸಿ ಕಾದೆವು. ಬಹಳ ಹೊತ್ತಾದ ಮೇಲೆ, ಮಗುವಿನ ಪಾದ ಹಿಡಿದುಕೊಂಡೇ ಅಮ್ಮ, "ನೆರವೇರಲಿ" ಎಂದಳು.