ಹತ್ತು ಜನ ಬೇಕಾಗಿದ್ದಾರೆ

"ನೀನೂ ಸೇರ್ಕೊ ಕಣವ್ವ! ಏನು ನಿನ್ನ ಹೆಸರು?" ಎನ್ನುತ್ತ ಶಿವರಾಜು ಮೇಷ್ಟ್ರು ಹಾಲಿನ ಕ್ಯಾನು ಹಿಡಿದು ನಿಂತಿದ್ದ ಹುಡುಗಿಯ ಕೈಗೆ ಕರಪತ್ರ ತುರುಕಿದರು.

ಕೊಪ್ಪದ ಡೈರಿಯ ಮುಂದೆ ಆ ಬೆಳಿಗ್ಗೆ ಅವರು ಬಿಟ್ಟ ಭಾಷಣಕ್ಕೆ ಕ್ಯಾನುಗಳಲ್ಲಿದ್ದ ಹಾಲು ಒಲೆಯಿಲ್ಲದೆ ಉಕ್ಕದಿದ್ದದ್ದೇ ಹೆಚ್ಚು. ತಮ್ಮ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮಾಡಿದವರನ್ನು ಕಂಡರೆ ದೇವೇಂದ್ರನೂ ಎದ್ದು ಕುರ್ಚಿ ಬಿಟ್ಟುಕೊಡುತ್ತಾನೆ ಎಂಬಂತಿತ್ತು ಅವರ ಮಾತು. ಪಾಪ, ಬೇರೆ ದಾರಿಯೂ ಇರಲಿಲ್ಲ. ಇಡೀ ವಿಭಾಗದಲ್ಲಿ ಉಳಿದಿದ್ದವರು ನಾಲ್ಕೇ ಜನ ವಿದ್ಯಾರ್ಥಿಗಳು. ಶನಿವಾರದೊಳಗೆ ಇನ್ನೂ ಹತ್ತು ಜನ ಸೇರದಿದ್ದರೆ ಬಾಗಿಲಿಗೆ ಬೀಗ. "ಪ್ರೈವೇಟ್ ಕಾಲೇಜ್ನಾಗೆ ನೀವು ಬರೀ ನಂಬರು. ನಮ್ಮಲ್ಲಿ ಹಂಗಲ್ಲ, ಒಂದೊಂದು ಮಗೂನೂ ನನ್ನ ಸ್ವಂತ ಮಗು ಇದ್ದಂಗೆ!" ಎಂದು ಆಗಷ್ಟೇ ಎದೆ ತಟ್ಟಿಕೊಂಡಿದ್ದರು.

"ಮಂಜುಶ್ರೀ, ಸಾ," ಎಂದಳು ಹುಡುಗಿ, ತಲೆ ತಗ್ಗಿಸಿ.

ಹಾಲು ಅಳೆಯುತ್ತಿದ್ದ ಕೆಂಪಸಿದ್ದಯ್ಯನ ಕೈ ಗಕ್ಕನೆ ನಿಂತಿತು. "ಅಲ್ಲ ಮೇಷ್ಟ್ರೇ, ಇವ್ಳು ಒಂದು ವರ್ಸದಿಂದ ನಿಮ್ ತಾವೇ ಇತಿಹಾಸ ಓದ್ತಾವ್ಳಲ್ಲ! ದಿನಾ ಏಳೂವರೆ ಬಸ್ಸಿಗೆ ಓಯ್ತಾಳೆ!"

ಸಾಲಿನಲ್ಲಿದ್ದ ಹೆಂಗಸರೆಲ್ಲ ಮೇಷ್ಟ್ರ ಮುಖವನ್ನೇ ನೋಡಿದರು. ಅವರ ಮರ್ಯಾದೆ ಉಳಿಸಲು ಮಂಜುಶ್ರೀಯೇ ಬಾಯಿ ಹಾಕಿದಳು: "ನಾನು ಲಾಸ್ಟ್ ಬೆಂಚ್ನಾಗೆ ಕೂರೋದು ಕಣ್ ದೊಡ್ಡಪ್ಪ, ಸಾರ್‌ಗೆ ಕಾಣಾಕಿಲ್ಲ."

ಆ ತರಗತಿಯಲ್ಲಿ ನಾಲ್ವರೂ ಕೂರುತ್ತಿದ್ದುದು ಒಂದೇ ಬೆಂಚಿನಲ್ಲಿ, ಮೇಷ್ಟ್ರ ಮೇಜಿಗೆ ಮೊಣಕಾಲು ತಾಗುವಷ್ಟು ಹತ್ತಿರ.