ಎರಡು ಗಂಟೆಯ ವಿಮಾನ

ಗಗನಸಖಿ ಮೈಕ್ ಎತ್ತಿಕೊಂಡಳು. ಆಡಿಟರ್ ಕೆಮ್ಮತೊಡಗಿದ.

ಅಂಥಿಂಥ ಕೆಮ್ಮಲ್ಲ, ಹಿಂದಿನ ಸಾಲಿನವರು ಗಾಬರಿಯಾಗಿ ನೀರಿನ ಬಾಟಲಿ ಚಾಚುವಂಥ ಕೆಮ್ಮು. "ಮುನ್ನೂರು ಕಿಲೋಮೀಟರ್ ದೂರವನ್ನು ನಾವು..." ಎಂಬಷ್ಟು ಕೇಳಿಸಿತು. ಎಷ್ಟು ಹೊತ್ತಿನಲ್ಲಿ ಎಂಬುದನ್ನು ಕೆಮ್ಮು ನುಂಗಿಹಾಕಿತು. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಅವನ ಬೆನ್ನು ಸವರಿದಳು.

ಅವನ ಮನೆಯವರ ಪ್ರಕಾರ ಈ ವಿಮಾನದ್ದು ಎರಡು ಗಂಟೆಯ ಹಾದಿ. ಆರು ವರ್ಷದಿಂದಲೂ ಎರಡು ಗಂಟೆಯೇ. ನಿಜದಲ್ಲಿ ಅದು ಮುಕ್ಕಾಲು ಗಂಟೆಯಲ್ಲೇ ಇಳಿದುಬಿಡುತ್ತದೆ. ಸೋಮವಾರ ಕಂಪನಿಯ ಶಾಖೆ ಇರುವ ಊರಿಗೆ ಹೋಗಿ, ಕಂಡವರ ಲೆಕ್ಕದಲ್ಲೆಲ್ಲ ಹುಳುಕು ಹುಡುಕಿ ಶುಕ್ರವಾರ ಮರಳುವ ಮಹಾಶಯ, ಮನೆಗೆ ಮಾತ್ರ ಈ ಸುಳ್ಳು ಲೆಕ್ಕ ಒಪ್ಪಿಸುತ್ತ ಬಂದಿದ್ದ.

ಮನೆಯವರ ಮೇಲೆ ಪ್ರೀತಿ ಇಲ್ಲವೆಂದಲ್ಲ, ಜೀವವೇ ಇಟ್ಟುಕೊಂಡಿದ್ದ. ಆದರೆ ಬಾಗಿಲು ತೆರೆದರೆ ಸಾಕು, ಅಮ್ಮನ ಮಂಡಿನೋವು, ಅತ್ತೆಯ ಟಿ.ವಿ., ಅವಳಿ ಮಕ್ಕಳ ಜಗಳ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತಿದ್ದವು. ಅದಕ್ಕೂ ಮೊದಲು ಅವನಿಗೆ ತನ್ನೂರಿನ ವಿಮಾನ ನಿಲ್ದಾಣದ ಹೊರಗಿನ ಚಹಾದಂಗಡಿಯ ಮೂಲೆ ಮೇಜು ಬೇಕಿತ್ತು. ಅಲ್ಲೊಂದು ಚದುರಂಗದ ಮಣೆ. ವಾರಕ್ಕೆ ಒಂದೇ ಒಂದು ನಡೆ. ಅದನ್ನು ಯೋಚಿಸುತ್ತ ಚಹಾ ಗುಟುಕರಿಸುತ್ತಿದ್ದರೆ ಸ್ವರ್ಗಕ್ಕೆ ಮೂರೇ ಗೇಣು. ಎದುರಾಳಿಯ ಮುಖವನ್ನೇ ಅವನು ಕಂಡಿರಲಿಲ್ಲ. ಮುಂದಿನ ಶುಕ್ರವಾರ ಬರುವಷ್ಟರಲ್ಲಿ ಎದುರು ನಡೆ ಮಾತ್ರ ತಪ್ಪದೆ ಕಾದಿರುತ್ತಿತ್ತು.

"ಹೆಸರು ಹೇಳ್ಬೇಡ ಅಂದಿದ್ದಾರೆ ಸಾರ್, ನಾನೇನ್ಮಾಡ್ಲಿ?" ಎನ್ನುತ್ತಿದ್ದ ಅಂಗಡಿಯವನು.

ಆ ಸುಖಕ್ಕೇ ಈಗ ಕುತ್ತು ಬಂದಿತ್ತು. ಬುಧವಾರ ರೈಲಿನಲ್ಲಿ ಆ ಶಾಖೆಯ ಊರಿನಲ್ಲೇ ಇದ್ದ ತನ್ನ ಅಕ್ಕನ ಮನೆಗೆ ಬಂದಿದ್ದ ಹೆಂಡತಿ, "ವಾಪಸ್ ನಿಮ್ಜೊತೇನೇ ಬರ್ತೀನಿ ರೀ" ಎಂದುಬಿಟ್ಟಿದ್ದಳು. ಪ್ರತಿ ಸೋಮವಾರ ಅವನನ್ನು ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ತಂದುಬಿಟ್ಟು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಹೊತ್ತು ಮೀರಿ ಮನೆ ಸೇರುವ ಪಾಪದ ಹೆಂಗಸು. ಬೇಡ ಅನ್ನಲು ಅವನಿಗೆ ಬಾಯಿ ಬರಲಿಲ್ಲ.

ಚಕ್ರಗಳು ನೆಲ ಮುಟ್ಟಿದವು.

"ಬೇಗ ಬಂತಲ್ಲ ರೀ."

"ಇವತ್ತು... ಗಾಳಿ ಹಿಂದಿನಿಂದ ಬೀಸ್ತಿತ್ತು ಕಣೇ. ಅದಕ್ಕೇ."

"ಹೌದಾ? ಒಳ್ಳೇ ಗಾಳಿ ಬಿಡಿ."

ನಂಬಿದಳು! ಆಡಿಟರ್‌ಗೆ ಹೋದ ಜೀವ ಬಂದಂತಾಯಿತು. ಹೊರಗೆ ಬಂದವನೇ ಚಹಾದಂಗಡಿಯತ್ತ ನೋಡದೆ, ತಲೆ ತಗ್ಗಿಸಿ ಬಿರಬಿರನೆ ಹೆಜ್ಜೆ ಹಾಕಿದ. ಅಂಗಡಿಯವನು ನಗುತ್ತ ಕೈಯೆತ್ತಿದ. ಇಬ್ಬರನ್ನೂ ಒಟ್ಟಿಗೆ ಕಂಡು ಎತ್ತಿದ ಕೈ ಅಲ್ಲೇ ನಿಂತಿತು. ಕೆಟ್ಟೆನಪ್ಪಾ ಅಂದುಕೊಂಡ ಆಡಿಟರ್. ಇಂದಿಗೆ ಮೂಲೆ ಮೇಜಿನ ಋಣ ತೀರಿತು.

ಹೆಂಡತಿ ಅವನ ತೋಳು ಹಿಡಿದು ನಿಲ್ಲಿಸಿದಳು. ಗಡಿಯಾರ ನೋಡಿಕೊಂಡಳು. ಸೀದಾ ಅಂಗಡಿಯೊಳಗೆ ಹೋಗಿ ಮೂಲೆ ಮೇಜಿನ ಕುರ್ಚಿ ಎಳೆದಳು.

"ಬನ್ನಿ, ಇನ್ನೂ ಒಂದೂಕಾಲು ಗಂಟೆ ಇದೆ. ಆದ್ರೆ ಇವತ್ತು ಆ ಕುದುರೆ ನಡೆಸ್ಬೇಡಿ ರೀ, ಸೋಮವಾರ ನಿಮ್ಮ ಮಂತ್ರೀನ ಹೊಡೀಬೇಕಾಗುತ್ತೆ ನಾನು."