ಭುಜದ ಮೇಲಿನ ಕೈ

“ಅಕ್ಕಾ, ಆ ಸೆಟ್ಟಿಂಗ್ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ?” ಹೊಲಿಗೆ ಯಂತ್ರದ ಮುಂದೆ ಕುಳಿತಲ್ಲಿಂದಲೇ ತಂಗಿ ಗದರಿದಳು. “ಚಿತ್ರ ಬರೋ ಹಾಗೆ ಮಾಡಿದ್ರೆ ನೆಟ್ ಆಮೆ ಥರ ಆಗುತ್ತೆ.”

“ಆಗ್ಲಿ ಬಿಡು. ನಮ್ಮಂಗಡಿ ವೆಬ್‌ಸೈಟನ್ನ ಊರೆಲ್ಲ ನೋಡುತ್ತೆ, ನನಗೆ ಮಾತ್ರ ಬರೀ ಅಕ್ಷರಾನಾ?” ಅಕ್ಕ ಅಂಗಡಿಯ ಕಂಪ್ಯೂಟರಿನ ಬ್ರೌಸರ್‌ನಲ್ಲಿ ತಂಗಿ ಆಫ್ ಮಾಡಿಟ್ಟಿದ್ದ ‘ಚಿತ್ರಗಳನ್ನು ತೋರಿಸು’ ಎಂಬುದನ್ನು ಒತ್ತಿ, ಪುಟವನ್ನು ಮತ್ತೆ ತೆರೆದಳು.

ಆಮೆಯೇನೂ ಆಗಲಿಲ್ಲ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಚಿತ್ರ ಬಂತು. ಇಬ್ಬರೂ ಸೇರಿ ಅಂಗಡಿ ತೆರೆದ ದಿನ ಬಾಗಿಲಲ್ಲಿ ನಿಂತು ತೆಗೆಸಿಕೊಂಡ ಫೋಟೊ ಅದು. ಈಗ ಅದರಲ್ಲಿ ತಂಗಿಯೊಬ್ಬಳೇ ನಗುತ್ತಿದ್ದಳು. ಅವಳ ಭುಜದ ಮೇಲೆ ಮಾತ್ರ, ಮಣಿಕಟ್ಟಿಗೆ ಹಳದಿ ಅಳತೆ ಟೇಪು ಸುತ್ತಿಕೊಂಡ ಕೈಯೊಂದು ಉಳಿದಿತ್ತು. ಅಕ್ಕ ತನ್ನ ಮಣಿಕಟ್ಟು ನೋಡಿಕೊಂಡಳು. ಅದೇ ಟೇಪು ಅಲ್ಲೇ ಇತ್ತು. ಹಿಂದೆ ಯಂತ್ರದ ಸದ್ದು ನಿಂತಿತು.

“ನಿನಗೆ ಕತ್ತರಿ ಹಿಡಿಯೋದು ಕಲಿಸಿದ್ದೇ ನಾನು,” ಎಂದಳು ಅಕ್ಕ, ತಿರುಗದೆಯೇ. “ನನ್ನನ್ನ ಇಷ್ಟು ನೀಟಾಗಿ ತೆಗೆದವಳು ಈ ಕೈ ಯಾಕೆ ಬಿಟ್ಟೆ?”

ತಂಗಿ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. “ಅದನ್ನೂ ತೆಗೆದ್ರೆ ನನ್ನ ಭುಜ ಹೋಗ್ತಿತ್ತು.”